ಹಳೆಯ ಜಪಾನಿ ಕಾರಿನ ಆರೈಕೆ ಮತ್ತು ರಿಪೇರಿ: ಸ್ವತಃ ಕೈಹಾಕುವವರಿಗೆ ಒಂದು ಮಾರ್ಗದರ್ಶಿ

1980 ಮತ್ತು 1990ರ ದಶಕಗಳಲ್ಲಿ ತಯಾರಾದ ಟೊಯೋಟಾ ಕೊರೊಲ್ಲಾ, ಹೋಂಡಾ ಸಿವಿಕ್, ನಿಸ್ಸಾನ್ ಸನ್ನಿ, ಮಜ್ದಾ ಎಂಎಕ್ಸ್-5 ಮುಂತಾದ ಕಾರುಗಳ ಎಂಜಿನ್ ಬ್ಲಾಕ್, ಕ್ರ್ಯಾಂಕ್ ಶಾಫ್ಟ್ ಮತ್ತು ಗೇರ್‌ಬಾಕ್ಸ್‌ಗಳು, ಸಕಾಲಕ್ಕೆ ಆಯಿಲ್ ಬದಲಾಗಿದ್ದರೆ, ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೂ ಗಟ್ಟಿಯಾಗಿಯೇ ಉಳಿದಿರುತ್ತವೆ. ಕೈಕೊಡುವುದು ಅವುಗಳ ಸುತ್ತಲಿನ ಮೆತ್ತನೆಯ ಭಾಗಗಳು: ರಬ್ಬರ್ ಹೋಸ್, ಸೀಲ್, ಬುಷ್, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು, ಒಣಗಿದ ಗ್ರೀಸು, ಸರ್ಕ್ಯೂಟ್ ಬೋರ್ಡಿನ ಮೇಲೆ ಬಿರುಕು ಬಿಟ್ಟ ಬೆಸುಗೆ. ಇವುಗಳ ಆಯುಷ್ಯವನ್ನು ಓಡಿದ ದೂರಕ್ಕಿಂತ ಕಳೆದ ವರ್ಷಗಳೇ ಹೆಚ್ಚಾಗಿ ನಿರ್ಧರಿಸುತ್ತವೆ. ಆದ್ದರಿಂದ ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಮೂವತ್ತು ವರ್ಷದ ಕಾರನ್ನು ನೆಚ್ಚಿಕೊಳ್ಳಬಾರದು. ವರ್ಷಗಟ್ಟಲೆ ನಿಂತಲ್ಲೇ ನಿಂತ ಕಾರಿಗೆ ನಿತ್ಯ ಓಡಿದ ಕಾರಿಗಿಂತ ಹೆಚ್ಚು ಕೆಲಸ ಬೇಕಾಗುವುದುಂಟು. ಎಂಜಿನ್ ಬಿಚ್ಚುವ ಮಾತು ಎತ್ತುವ ಮೊದಲು ಈ ಮೆತ್ತನೆಯ ಭಾಗಗಳನ್ನು ಒಂದೊಂದಾಗಿ ಸರಿಪಡಿಸಿದರೆ, ದೊಡ್ಡದೆಂದು ಹೆದರಿಸಿದ ಅನೇಕ ದೋಷಗಳು ತಾವಾಗಿಯೇ ಹೋಗುತ್ತವೆ.

ಕಾರಿನ ಗುರುತು ಮತ್ತು ಬಿಡಿಭಾಗ

ಬಾನೆಟ್ಟಿನ ಕೆಳಗೆ ಅಥವಾ ಬಾಗಿಲಿನ ಕಂಬದ ಮೇಲೆ ಒಂದು ಸಣ್ಣ ತಗಡಿನ ಫಲಕವಿರುತ್ತದೆ. ಅದರಲ್ಲಿರುವ ಮಾದರಿ ಸಂಕೇತ, ಎಂಜಿನ್ ಸಂಕೇತ ಮತ್ತು ಬಣ್ಣದ ಸಂಕೇತಗಳನ್ನು ಬರೆದುಕೊಳ್ಳುವುದೇ ಮೊದಲ ಕೆಲಸ. ಕಾರಿನ ಹೆಸರು ಮತ್ತು ವರ್ಷವನ್ನಷ್ಟೇ ಹೇಳಿ ಬಿಡಿಭಾಗ ತರಿಸಿದರೆ ತಪ್ಪು ವಸ್ತು ಬರುವ ಸಾಧ್ಯತೆ ಹೆಚ್ಚು. ಎಇ92 ಸಂಕೇತದ ಕೊರೊಲ್ಲಾಗಳಲ್ಲೇ 4ಎ-ಎಫ್‌ಇ ಎಂಜಿನ್ ಇರುವುದೂ ಉಂಟು, 4ಎ-ಜಿಇ ಇರುವುದೂ ಉಂಟು. ಇವೆರಡರ ಸಿಲಿಂಡರ್ ಹೆಡ್ ಬೇರೆಬೇರೆ. ಜಪಾನಿನೊಳಗೆ ಮಾರಾಟವಾದ ಕಾರಿಗೂ ರಫ್ತಾದ ಕಾರಿಗೂ ವೈರಿಂಗ್, ಲೈಟು, ಸಸ್ಪೆನ್ಷನ್‌ಗಳಲ್ಲಿ ವ್ಯತ್ಯಾಸವಿರಬಹುದು. ಫಲಕದ ಸಂಕೇತಕ್ಕೆ ಸರಿಹೊಂದುವ ಕಂಪನಿಯ ವರ್ಕ್‌ಶಾಪ್ ಕೈಪಿಡಿಯನ್ನು ಸಂಪಾದಿಸಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಕಾರಿನ ಕಂಪನಿಯ ಪೆಟ್ಟಿಗೆಯಲ್ಲಿ ಭಾಗ ಸಿಗದಿದ್ದಾಗ, ಆ ಕಂಪನಿಗೇ ಮೂಲದಲ್ಲಿ ಭಾಗ ಪೂರೈಸುತ್ತಿದ್ದವರ ಹೆಸರನ್ನು ಹುಡುಕಬೇಕು. ವಾಟರ್ ಪಂಪಿಗೆ ಐಸಿನ್, ಸೆನ್ಸರ್‌ಗಳಿಗೆ ಡೆನ್ಸೊ, ಪ್ಲಗ್‌ಗೆ ಎನ್‌ಜಿಕೆ, ಬೆಲ್ಟ್‌ಗೆ ಮಿತ್ಸುಬೋಶಿ ಅಥವಾ ಬ್ಯಾಂಡೊ, ಆಯಿಲ್ ಸೀಲಿಗೆ ಎನ್‌ಒಕೆ, ಶಾಕ್ ಅಬ್ಸಾರ್ಬರಿಗೆ ಕೆವೈಬಿ ಎಂಬ ಹೆಸರುಗಳು ಇಲ್ಲಿ ನಂಬಿಕೆಗೆ ಅರ್ಹ. ಹೆಸರಿಲ್ಲದ ಅಗ್ಗದ ಸೀಲನ್ನು ಹಾಕಿ, ಅದು ಸೋರಿದಾಗ ಇಡೀ ಕೆಲಸವನ್ನು ಮತ್ತೊಮ್ಮೆ ಮಾಡುವುದಕ್ಕಿಂತ ಒಳ್ಳೆಯ ಸೀಲಿಗಾಗಿ ಕೆಲವು ವಾರ ಕಾಯುವುದು ಲೇಸು.

ಸ್ಕ್ರೂ, ಬೋಲ್ಟ್ ಮತ್ತು ಉಪಕರಣ

ಹಳೆಯ ಜಪಾನಿ ಕಾರುಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿರುವ ಉಪಕರಣ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಎಂದೇ ಹೇಳಬಹುದು. ಈ ಕಾರುಗಳ ಸ್ಟಾರ್ ಸ್ಕ್ರೂಗಳು ನೋಡಲು ಫಿಲಿಪ್ಸ್ ಮಾದರಿಯಂತೆಯೇ ಇದ್ದರೂ ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಪ್ರಕಾರ ಮಾಡಿದವು. ಅನೇಕ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಅದೇ ಅವುಗಳ ಗುರುತು. ಫಿಲಿಪ್ಸ್ ತುದಿ ಈ ಸ್ಕ್ರೂವಿನ ತಗ್ಗಿನೊಳಗೆ ಪೂರ್ತಿ ಕೂರುವುದಿಲ್ಲ. ಬಲ ಹಾಕಿದೊಡನೆ ಅದು ಮೇಲಕ್ಕೆದ್ದು ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಬ್ರೇಕ್ ಫ್ಲೂಯಿಡ್ ತೊಟ್ಟಿ ಮತ್ತು ಹೋಂಡಾದ ಬ್ರೇಕ್ ಡಿಸ್ಕನ್ನು ಹಿಡಿದಿರುವ ಸ್ಕ್ರೂಗಳ ಮೇಲೆ ಇಂತಹ ಗಾಯಗಳನ್ನು ಎಲ್ಲೆಡೆ ಕಾಣಬಹುದು. ಜೆಐಎಸ್ ತುದಿಯ 2 ಮತ್ತು 3ನೇ ಅಳತೆಯ ಸ್ಕ್ರೂಡ್ರೈವರ್‌ಗಳನ್ನೂ, ಅದೇ ತುದಿ ಹಾಕಬಹುದಾದ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರನ್ನೂ ಇಟ್ಟುಕೊಂಡರೆ ಬ್ರೇಕ್ ಡಿಸ್ಕಿನ ಸ್ಕ್ರೂಗಳು ಕೂಡ ಮಾತು ಕೇಳುತ್ತವೆ.

ಬೋಲ್ಟ್‌ಗಳ ವಿಷಯ ಇದಕ್ಕಿಂತ ಸರಳ. 10, 12, 14, 17 ಮತ್ತು 19 ಮಿಲಿಮೀಟರ್ ಸಾಕೆಟ್‌ಗಳಿದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಬಿಗಿಯಾದ ಬೋಲ್ಟ್‌ಗೆ ಹನ್ನೆರಡು ಮೂಲೆಯ ಸಾಕೆಟ್ ಬದಲು ಆರು ಮೂಲೆಯದನ್ನೇ ಬಳಸಬೇಕು. ತುಕ್ಕು ಹಿಡಿದ ಬೋಲ್ಟ್‌ಗೆ ಹಿಂದಿನ ದಿನವೇ ಪೆನೆಟ್ರೇಟಿಂಗ್ ಆಯಿಲ್ ಸಿಂಪಡಿಸಿಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ಅಲುಗಿಸಿ, ಆಮೇಲೆ ಸಡಿಲಿಸಬೇಕು. 10 ಮಿ.ಮೀ. ತಲೆಯ ಬೋಲ್ಟ್‌ಗಳು ಸಾಮಾನ್ಯವಾಗಿ 6 ಮಿ.ಮೀ. ದಪ್ಪದವು. ಇವುಗಳಲ್ಲಿ ಅನೇಕವು ಅಲ್ಯೂಮಿನಿಯಂ ಒಳಗೆ ಕೂರುವುದರಿಂದ ಸುಮಾರು 10 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿದರೆ ತಿರುಪಿನ ಮರೆಯೇ (ಥ್ರೆಡ್) ಕಿತ್ತು ಬರುತ್ತದೆ. ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ವ್ರೆಂಚ್ ಅನವಶ್ಯಕ ಖರ್ಚೆಂದು ಭಾವಿಸುವವರು ಈ ಒಂದು ಕಾರಣಕ್ಕಾದರೂ ಅದನ್ನು ಕೊಳ್ಳಬೇಕು. ಚಕ್ರದ ನಟ್‌ಗಳಲ್ಲೂ ಒಂದು ಎಚ್ಚರಿಕೆ ಅಗತ್ಯ. ಟೊಯೋಟಾ, ಹೋಂಡಾ, ಮಜ್ದಾ, ಮಿತ್ಸುಬಿಶಿ ಕಾರುಗಳಲ್ಲಿ ಮರೆಯ ಅಂತರ ಸಾಮಾನ್ಯವಾಗಿ 1.5 ಮಿ.ಮೀ. ಇದ್ದರೆ, ನಿಸ್ಸಾನ್ ಮತ್ತು ಸುಬಾರು ಕಾರುಗಳಲ್ಲಿ 1.25 ಮಿ.ಮೀ. ಇರುತ್ತದೆ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ಹಾಕಿದರೆ ಚಕ್ರದ ಸ್ಟಡ್ ಹಾಳಾಗುತ್ತದೆ.

ಕಾರಿನ ಕೆಳಗೆ ಹೋಗುವಾಗ ಜಾಕನ್ನು ಎಂದಿಗೂ ನೆಚ್ಚಬಾರದು. ಸಮತಟ್ಟಾದ ಗಟ್ಟಿ ನೆಲ, ಚಕ್ರಗಳಿಗೆ ಅಡ್ಡಗಟ್ಟೆ, ಕೈಪಿಡಿ ತೋರಿಸಿದ ಜಾಗದಲ್ಲೇ ಕೂತ ಎರಡು ಜಾಕ್ ಸ್ಟ್ಯಾಂಡ್, ಇಷ್ಟೂ ಇರಬೇಕು. ಹಳೆಯ ಕಾರಿನಲ್ಲಿ ಆ ಜಾಗಕ್ಕೇ ತುಕ್ಕು ಹಿಡಿದಿರಬಹುದಾದ್ದರಿಂದ ಭಾರ ಹೊರಿಸುವ ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು.

ಕೂಲೆಂಟ್ ಮತ್ತು ಹೋಸ್

ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಇರುವ ಈ ಎಂಜಿನ್‌ಗಳಿಗೆ ಅತಿಯಾದ ಬಿಸಿಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಒಮ್ಮೆ ಕುದಿದರೆ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗಬಹುದು. ಆದ್ದರಿಂದ ಹಳೆಯ ಕಾರು ಕೈಸೇರಿದಾಗ ಕೈಹಾಕಬೇಕಾದ ಮೊದಲ ದೊಡ್ಡ ಕೆಲಸ ಎಂಜಿನ್ ತಣ್ಣಗಿಡುವ ಈ ವ್ಯವಸ್ಥೆಯದೇ ಎಂಬುದು ನನ್ನ ಖಚಿತ ಅಭಿಪ್ರಾಯ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಹೊಸದರಲ್ಲಿ ಕಪ್ಪಗಿರುತ್ತದೆ. ಅದು ಕಂದು ಅಥವಾ ಹಸಿರುಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೊಳಗೇ ಪೆಡಸಾಗಿದೆ ಎಂದು ತಿಳಿದು, ಸೋರುವುದನ್ನು ಕಾಯದೆ ರೇಡಿಯೇಟರ್ ಬದಲಿಸಬೇಕು. ಅದರ ಜೊತೆಗೇ ಮೇಲಿನ ಮತ್ತು ಕೆಳಗಿನ ಹೋಸ್, ಹೀಟರಿನ ಹೋಸ್, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಮುಚ್ಚಳ ಹೊಸದಾಗಬೇಕು. ಹಳೆಯ ಹೋಸನ್ನು ಎಳೆದು ಕೀಳಬಾರದು. ಉದ್ದಕ್ಕೆ ಸೀಳಿ ತೆಗೆದರೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮೂತಿ ಮುರಿಯುವುದಿಲ್ಲ.

ಥರ್ಮೋಸ್ಟಾಟಿನ ಅಂಚಿನಲ್ಲಿ ಅಲುಗಾಡುವ ಒಂದು ಸಣ್ಣ ಪಿನ್ ಇದ್ದರೆ ಅದು ಮೇಲ್ಗಡೆ ಬರುವಂತೆ ಕೂರಿಸಬೇಕು; ಗಾಳಿ ಹೊರಹೋಗುವ ದಾರಿ ಅದು. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಆರಿಸುವಾಗ ಜಪಾನಿ ಕಾರುಗಳಿಗೆಂದೇ ತಯಾರಿಸಿದ, ಸಿಲಿಕೇಟ್ ಇಲ್ಲದ ಬಗೆಯನ್ನು ಹಿಡಿಯಬೇಕು, ಡಿಸ್ಟಿಲ್ಡ್ ನೀರನ್ನೇ ಬೆರೆಸಬೇಕು. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿಟ್ಟು ನಿಧಾನವಾಗಿ ತುಂಬಬೇಕು. ಗಾಳಿ ಬಿಡುವ ಸ್ಕ್ರೂ ಇರುವ ಹೋಂಡಾ ಎಂಜಿನ್‌ಗಳಲ್ಲಿ, ಗುಳ್ಳೆಯಿಲ್ಲದೆ ಕೂಲೆಂಟ್ ಹರಿಯುವವರೆಗೆ ಅದನ್ನು ತೆರೆದಿಡಬೇಕು. ಇದಾದ ಮೇಲೂ ಐಡ್ಲಿಂಗ್‌ನಲ್ಲಿ ಎಂಜಿನ್ ವೇಗ ಏರುತ್ತ ಇಳಿಯುತ್ತ ಇದ್ದರೆ ಕೂಡಲೇ ಸೆನ್ಸರ್ ಕೊಳ್ಳಬಾರದು. ಕೂಲೆಂಟಿನಲ್ಲಿ ಉಳಿದ ಗಾಳಿ ಅಥವಾ ಬಿರುಕು ಬಿಟ್ಟ ಒಂದು ವ್ಯಾಕ್ಯೂಮ್ ಹೋಸ್ (ಎಂಜಿನ್ ಗಾಳಿ ಎಳೆಯುವ ಬಲವನ್ನು ಸಾಗಿಸುವ ಸಣ್ಣ ಕೊಳವೆ) ಅದಕ್ಕೆ ಕಾರಣವಾಗಿರುವುದು ಬಹಳ ಸಾಮಾನ್ಯ. ವ್ಯಾಕ್ಯೂಮ್ ಹೋಸ್‌ಗಳನ್ನು ಬಾನೆಟ್ಟಿನ ಒಳಗಿನ ಚಿತ್ರದ ಪ್ರಕಾರ, ಒಂದನ್ನು ತೆಗೆದು ಅದೇ ಉದ್ದದ ಇನ್ನೊಂದನ್ನು ಹಾಕಿದ ನಂತರವೇ ಮುಂದಿನದಕ್ಕೆ ಹೋಗುವ ರೀತಿಯಲ್ಲಿ ಬದಲಿಸಬೇಕು.

ಟೈಮಿಂಗ್ ಬೆಲ್ಟ್ ಮತ್ತು ಟ್ಯಾಪೆಟ್

ಕ್ರ್ಯಾಂಕ್ ಶಾಫ್ಟಿನ ಲಯಕ್ಕೆ ತಕ್ಕಂತೆ ವಾಲ್ವ್‌ಗಳನ್ನು ತೆರೆಸುವ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಿಸಿದರೆಂಬ ದಾಖಲೆ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದು ತಿಳಿಯಬೇಕು. ಜಪಾನಿನಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡಿರುವ ಮಿತಿ 1,00,000 ಕಿಲೋಮೀಟರ್. ಕೈಪಿಡಿ ಅದಕ್ಕಿಂತ ಕಡಿಮೆ ಹೇಳಿದ್ದರೆ ಕೈಪಿಡಿಯನ್ನೇ ಅನುಸರಿಸಬೇಕು. ಬೆಲ್ಟ್ ಹರಿದರೆ ಏನಾಗುತ್ತದೆ ಎಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಟೊಯೋಟಾ 4ಎ-ಎಫ್‌ಇ ಎಂಜಿನ್‌ನಲ್ಲಿ ಕಾರು ನಿಲ್ಲುತ್ತದೆ, ಅಷ್ಟೇ. ಹೋಂಡಾ ಡಿ16 ಅಥವಾ ಮಿತ್ಸುಬಿಶಿ 4ಜಿ63 ಎಂಜಿನ್‌ನಲ್ಲಿ ಪಿಸ್ಟನ್‌ಗೆ ವಾಲ್ವ್ ಬಡಿದು ಬಾಗುತ್ತದೆ. 4ಜಿ63 ಎಂಜಿನ್‌ನಲ್ಲಿ ಬ್ಯಾಲೆನ್ಸ್ ಶಾಫ್ಟಿನ ಇನ್ನೊಂದು ಸಣ್ಣ ಬೆಲ್ಟ್ ಇದ್ದು, ಅದು ಹರಿದು ದೊಡ್ಡ ಬೆಲ್ಟಿನೊಳಗೆ ಸಿಕ್ಕಿಕೊಂಡರೂ ಇದೇ ಗತಿಯಾದ್ದರಿಂದ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಬೆಲ್ಟ್ ಬಿಚ್ಚಿದಾಗ ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲ್, ವಾಟರ್ ಪಂಪ್ ಇವೆಲ್ಲ ಹೊಸದಾಗಲಿ.

2001ಕ್ಕೆ ಮೊದಲಿನ ಹೋಂಡಾ ಡಿ ಮತ್ತು ಬಿ ಸರಣಿಯ ಎಂಜಿನ್‌ಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಹೀಗಾಗಿ ಸ್ಟಾರ್ಟರ್ ಮೋಟರಿನ ಬಲದಿಂದ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಸಡಿಲಿಸುವ ಉಪಾಯ ಇಲ್ಲಿ ನಡೆಯದು. ಪುಲ್ಲಿಯನ್ನು ಹಿಡಿದಿಡುವ ವಿಶೇಷ ಉಪಕರಣ ಮತ್ತು ಉದ್ದನೆಯ ಬ್ರೇಕರ್ ಬಾರ್ ಬೇಕು. ಹೊಸ ಬೆಲ್ಟ್ ಕೂರಿಸಿದ ಮೇಲೆ ಎಂಜಿನನ್ನು ಅದು ಓಡುವ ದಿಕ್ಕಿಗೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ ಪುಲ್ಲಿಗಳ ಮೇಲಿನ ಟೈಮಿಂಗ್ ಗುರುತುಗಳು ಮತ್ತೆ ಹೊಂದುತ್ತವೆಯೇ ಎಂದು ನೋಡಬೇಕು. ಎಲ್ಲಾದರೂ ತಡೆದಂತಾದರೆ ಬಲ ಹಾಕದೆ ನಿಲ್ಲಿಸಬೇಕು.

ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಸದ್ದು ಮಾಡುತ್ತಿಲ್ಲವಾದ್ದರಿಂದ ಎಲ್ಲ ಸರಿಯಿದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅಪಾಯಕಾರಿ. ವಾಲ್ವ್ ಮತ್ತು ಅದರ ಪೀಠ ಸವೆದಂತೆ ಎಕ್ಸಾಸ್ಟ್ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ ಕಡಿಮೆಯಾಗುತ್ತ ಹೋಗುತ್ತದೆ, ಸದ್ದೂ ಅಡಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಹೋಂಡಾ ಡಿ16 ಎಂಜಿನ್‌ನಲ್ಲಿ ಈ ಅಂತರ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಇಂಟೇಕ್ ಕಡೆ ಸುಮಾರು 0.20 ಮಿ.ಮೀ., ಎಕ್ಸಾಸ್ಟ್ ಕಡೆ ಸುಮಾರು 0.25 ಮಿ.ಮೀ. ಇರಬೇಕು. ಒಂದು ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಲೋಹದ ಪಟ್ಟಿಗಳು), ಒಂದು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು. ಟೊಯೋಟಾ 4ಎ-ಎಫ್‌ಇ ಮತ್ತು 4ಎ-ಜಿಇ ಎಂಜಿನ್‌ಗಳಲ್ಲಿ ಸ್ಕ್ರೂ ಬದಲು ಶಿಮ್ (ತೆಳುವಾದ ಲೋಹದ ಬಿಲ್ಲೆ) ಇರುವುದರಿಂದ, ಅಳತೆ ತೆಗೆದು ಬರೆದಿಟ್ಟುಕೊಂಡು, ಬೇಕಾದ ದಪ್ಪದ ಶಿಮ್‌ಗಳನ್ನು ಆಮೇಲೆ ತರಿಸಬೇಕು.

ಬ್ರೇಕ್

ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದ್ರವದ ಕನಿಷ್ಠ ಕುದಿಬಿಂದು ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್ ಇದ್ದರೆ, ತೇವ ಸೇರಿದ ಮೇಲೆ ಅದು 140 ಡಿಗ್ರಿಯವರೆಗೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಸಿಲಿಕೋನ್ ಆಧಾರದ ಡಾಟ್ 5 ದ್ರವವನ್ನು ಇದರೊಂದಿಗೆ ಬೆರೆಸಬಾರದು. ಕ್ಯಾಲಿಪರಿನ ಸ್ಲೈಡ್ ಪಿನ್‌ಗಳಿಗೆ ರಬ್ಬರನ್ನು ಉಬ್ಬಿಸದ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಮೂಲದ ರಬ್ಬರ್ ಬ್ರೇಕ್ ಹೋಸ್‌ಗಳು ಇನ್ನೂ ಇದ್ದರೆ, ಹೊರಗೆ ಬಿರುಕು ಕಾಣದಿದ್ದರೂ, ತಡಮಾಡದೆ ತೆಗೆಯಬೇಕು.

ವಿದ್ಯುತ್ ದೋಷಗಳು

ಮೊದಲು ಬ್ಯಾಟರಿಯ ಟರ್ಮಿನಲ್ ಮತ್ತು ಅರ್ತಿಂಗ್ ತಂತಿಗಳನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಯಬೇಕು. ಸಿವಿಕ್‌ನ ಡಿ ಸರಣಿಯ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಹೌಸಿಂಗ್ ಮೇಲಿರುವ ಅರ್ತಿಂಗ್ ಸಡಿಲವಾದರೆ ಕಂಪ್ಯೂಟರ್‌ಗೇ ತಪ್ಪು ಮಾಹಿತಿ ಹೋಗುತ್ತದೆ. ಆಮೇಲೆ ಕಾರು ತಾನೇ ಹೇಳುವುದನ್ನು ಕೇಳಬೇಕು. 1990ರ ದಶಕದ ಅನೇಕ ಟೊಯೋಟಾಗಳಲ್ಲಿ ಬಾನೆಟ್ಟಿನ ಕೆಳಗಿನ ಡಯಾಗ್ನಾಸ್ಟಿಕ್ ಪೆಟ್ಟಿಗೆಯ ಟಿಇ1 ಮತ್ತು ಇ1 ತೂತುಗಳನ್ನು ಒಂದು ತಂತಿಯಿಂದ ಜೋಡಿಸಿ ಕೀ ತಿರುಗಿಸಿದರೆ, ಚೆಕ್ ಎಂಜಿನ್ ದೀಪ ಮಿನುಗಿ ಎರಡಂಕಿಯ ಸಂಕೇತ ಕೊಡುತ್ತದೆ. ಒಂದೇ ಲಯದಲ್ಲಿ ನಿಲ್ಲದೆ ಮಿನುಗಿದರೆ ದೋಷ ದಾಖಲಾಗಿಲ್ಲ ಎಂದರ್ಥ. 1992ರ ನಂತರದ ಸಿವಿಕ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಪಿನ್ನಿನ ಕನೆಕ್ಟರಿನಿಂದ ಇದೇ ಕೆಲಸವಾಗುತ್ತದೆ. ಅಲ್ಲಿ ಉದ್ದದ ಮಿನುಗು ಹತ್ತರದು, ಚಿಕ್ಕ ಮಿನುಗು ಒಂದರದು. ಸಂಕೇತ ಬಂದೊಡನೆ ಆ ಸೆನ್ಸರನ್ನೇ ಬದಲಿಸದೆ, ಅದರ ವೈರು ಮತ್ತು ಕನೆಕ್ಟರನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು.

ಬಿಸಿಲಿನಲ್ಲಿ ನಿಂತ ಹಳೆಯ ಹೋಂಡಾ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ಏನೂ ಆಗದಂತೆ ಶುರುವಾದರೆ ಪೆಟ್ರೋಲ್ ಪಂಪಿಗೆ ವಿದ್ಯುತ್ ಕೊಡುವ ಸ್ವಿಚ್ಚಾದ ಮುಖ್ಯ ರಿಲೇಯನ್ನು ಅನುಮಾನಿಸಬೇಕು. ಕೀ ತಿರುಗಿಸಿದಾಗ ಹಿಂದಿನಿಂದ ಸುಮಾರು ಎರಡು ಸೆಕೆಂಡು ಕೇಳಬೇಕಾದ ಪೆಟ್ರೋಲ್ ಪಂಪಿನ ಸದ್ದು ಆಗ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಕೆಳಗಿರುವ ಈ ರಿಲೇಯನ್ನು ತೆರೆದು ಭೂತಗನ್ನಡಿಯಲ್ಲಿ ನೋಡಿದರೆ ದೊಡ್ಡ ಪಿನ್‌ಗಳ ಸುತ್ತ ಉಂಗುರದಂತಹ ಬಿರುಕು ಕಾಣುತ್ತದೆ. ಹಳೆಯ ಸೀಸವನ್ನು ತೆಗೆದು ಹೊಸದಾಗಿ ಬೆಸೆದರೆ ಅದು ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ. 1990ರ ದಶಕದ ಆರಂಭದ ಮಿತ್ಸುಬಿಶಿ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರಿನೊಳಗಿನ ಕೆಪಾಸಿಟರ್‌ಗಳು ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುವುದು ತಿಳಿದ ಸಂಗತಿ. ಕಾರು ಚೆನ್ನಾಗಿ ಓಡುತ್ತಿರುವಾಗಲೇ ತೆರೆದು ನೋಡಿ ಅವನ್ನು ಬದಲಿಸಿದರೆ ಬೋರ್ಡ್ ಉಳಿಯುತ್ತದೆ.

ತುಕ್ಕು ಮತ್ತು ದಾಸ್ತಾನು

ಹಿಂದಿನ ಚಕ್ರದ ಕಮಾನಿನ ಒಳಮಡಿಕೆ, ಬಾಗಿಲಿನ ಕೆಳಗಿನ ಸಿಲ್, ಸಸ್ಪೆನ್ಷನ್ ಕೂರುವ ಜಾಗ, ಇಷ್ಟನ್ನು ವರ್ಷಕ್ಕೊಮ್ಮೆ ತೊಳೆದು ಒಣಗಿಸಿ ನೋಡಬೇಕು. ಎಂಎಕ್ಸ್-5 ಕಾರಿನಲ್ಲಿ ಬಟ್ಟೆಯ ಛಾವಣಿಯ ನೀರು ಸೀಟಿನ ಹಿಂದಿನ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂಭಾಗದಲ್ಲಿ ಹೊರಬೀಳುತ್ತದೆ. ಅಲ್ಲಿ ಕಸ ಕಟ್ಟಿದರೆ ನೀರು ಸಿಲ್ ಒಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ. ತೂತುಗಳನ್ನು ಬಿಡಿಸಿ, ಒಣಗಿದ ಮೇಲೆ ಟೊಳ್ಳುಗಳೊಳಗೆ ಮೇಣದ ಲೇಪ ಸಿಂಪಡಿಸುವುದು ಅಗ್ಗದ, ಆದರೆ ಬಹಳ ಬೆಲೆಬಾಳುವ ಕೆಲಸ.

ಕೆಲವು ಮಾದರಿಗಳ ಭಾಗಗಳನ್ನು ಕಂಪನಿಗಳೇ ಮತ್ತೆ ತಯಾರಿಸತೊಡಗಿರುವುದು ಸಂತೋಷದ ವಿಷಯ. ಮಜ್ದಾ ಮೊದಲ ತಲೆಮಾರಿನ ರೋಡ್‌ಸ್ಟರ್‌ಗೆ (ಎಂಎಕ್ಸ್-5ರ ಜಪಾನಿ ಹೆಸರು) ಮತ್ತು ನಿಸ್ಸಾನ್‌ನ ರೇಸಿಂಗ್ ವಿಭಾಗವಾದ ನಿಸ್ಮೊ ಆರ್32 ಜಿಟಿ-ಆರ್‌ಗೆ 2017ರಲ್ಲಿ, ಟೊಯೋಟಾ ಹಳೆಯ ಸುಪ್ರಾ ಮತ್ತು 2000ಜಿಟಿಗೆ 2020ರಲ್ಲಿ ಇಂತಹ ಯೋಜನೆ ತಂದವು. ಸಾಮಾನ್ಯ ಕೊರೊಲ್ಲಾ, ಸನ್ನಿಗಳ ಮಾಲೀಕರು ಮಾತ್ರ ತಮ್ಮ ದಾಸ್ತಾನನ್ನು ತಾವೇ ಮಾಡಿಕೊಳ್ಳಬೇಕು. ಬೆಲ್ಟ್ ಮತ್ತು ಹೋಸ್‌ಗಳನ್ನು ಕೂಡಿಡಬಾರದು, ಅವು ಕಪಾಟಿನಲ್ಲೂ ಹಳತಾಗುತ್ತವೆ. ಕೂಡಿಡಬೇಕಾದುದು ಲೈಟಿನ ಗಾಜು, ಕಿಟಕಿಯ ಸ್ವಿಚ್ಚು, ಬಾಗಿಲಿನ ಹಿಡಿ, ಪ್ಲಾಸ್ಟಿಕ್ ಕ್ಲಿಪ್ಪು. ಗುಜರಿಗೆ ಬಂದ ಅದೇ ಮಾದರಿಯ ಕಾರು ಸಿಕ್ಕಾಗ ಎಂಜಿನ್ ಕಡೆ ನೋಡುವ ಮೊದಲು ಸೆನ್ಸರ್ ಮತ್ತು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಒಂದು ಗೇಣು ವೈರಿನ ಸಮೇತ ಕತ್ತರಿಸಿ ತಂದು, ಯಾವುದು ಎಲ್ಲಿಯದೆಂದು ಚೀಟಿ ಕಟ್ಟಿ ಇಡಬೇಕು.