ಟೈಲರ್ ಅಂಗಡಿ ಹೋಯಿತು, ಕಂದಾಯ ಇಳಿಯಿತು

"ಏರಿದ ಕಂದಾಯ ಇಳಿದದ್ದುಂಟಾ ಮೇಷ್ಟ್ರೇ?" ಅಂತ ಮೈಸೂರಿನ ನಮ್ಮ ಬೀದಿಯಲ್ಲಿ ನಕ್ಕವರೇ ಜಾಸ್ತಿ. ಹೋದ ವರ್ಷ ಪಾಲಿಕೆಗೆ ಮನೆ ಕಂದಾಯ ಅಂತ 14 ಸಾವಿರದ ಚಿಲ್ಲರೆ ಕಟ್ಟಿದ್ದೆ. ಈ ಏಪ್ರಿಲ್‌ನಲ್ಲಿ ಕಟ್ಟಿದ್ದು ಎಂಟೂವರೆ ಸಾವಿರದ ಆಸುಪಾಸು. ನಕ್ಕವರಲ್ಲಿ ಇಬ್ಬರು ಈಗ ಮನೆ ಅಳೆಯಲು ನನ್ನ ಟೇಪು ಕೇಳಿಕೊಂಡು ಬರುತ್ತಿದ್ದಾರೆ.

ತಪ್ಪು ನನ್ನದೇ. ಕೆಳಗಿನ ಮುಂದಿನ ಕೋಣೆಯನ್ನು ಟೈಲರ್ ಒಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಇನ್ನೂರು ಚದರಡಿಯೂ ಇಲ್ಲ. ಆದರೆ ಮನೆಯ ಅಳತೆ, ಬಳಕೆ ನಾವೇ ಬರೆದುಕೊಡುವ ಸ್ವಯಂ ಘೋಷಣೆಯ ಫಾರಂನಲ್ಲಿ ಇಡೀ ಕೆಳಮಹಡಿಯನ್ನೇ ವಾಣಿಜ್ಯ ಅಂತ ಬರೆದುಬಿಟ್ಟೆ. ಟೈಲರ್ ಖಾಲಿ ಮಾಡಿ ನಾಲ್ಕು ವರ್ಷ ಆಯಿತು. ಆ ಕೋಣೆಯಲ್ಲಿ ಈಗ ಸ್ಕೂಟರು, ಅಕ್ಕಿ ಮೂಟೆ. ನಾನು ಮಾತ್ರ ಹಳೇ ಲೆಕ್ಕವನ್ನೇ ಕಟ್ಟುತ್ತಾ ಬಂದೆ. ಕಂದಾಯದ ಮೇಲೆ ಆರೋಗ್ಯ ಸೆಸ್ 15, ಗ್ರಂಥಾಲಯ 6, ಭಿಕ್ಷುಕರ ಸೆಸ್ 3, ಈ ಮೂರರಿಂದಲೇ ನೂರಕ್ಕೆ 24 ರೂಪಾಯಿ. ಕಂದಾಯದ ಲೆಕ್ಕ ತಪ್ಪಿದರೆ ಸೆಸ್ ಲೆಕ್ಕವೂ ತಪ್ಪುತ್ತದೆ, ಅಲ್ವಾ?

ಮೊದಲ ಅರ್ಜಿಯಲ್ಲಿ "ಕಂದಾಯ ಜಾಸ್ತಿ ಬಂದಿದೆ, ಕಡಿಮೆ ಮಾಡಿ" ಅಂತಷ್ಟೇ ಬರೆದಿದ್ದೆ. ಅದಕ್ಕೆ ಆಧಾರ ಏನು ಅಂತ ವಾಪಸ್ ಬಂತು. ಎರಡನೇ ಸಲ ಒಬ್ಬ ದಲ್ಲಾಳಿಗೆ ಮೂರು ಸಾವಿರ ಕೊಟ್ಟೆ. ಫೋನೂ ಇಲ್ಲ, ಆಸಾಮಿಯೂ ಇಲ್ಲ. ಮೂರನೇ ಸಲ ನಾನೇ ಬರೆದೆ, ಪಾಲಿಕೆಯ ಇನ್ಸ್‌ಪೆಕ್ಟರ್ ಮನೆಗೇ ಬಂದರು. ಬಾಗಿಲ ಮೇಲೆ ಟೈಲರ್ ಬೋರ್ಡು ಹಾಗೇ ನೇತಾಡುತ್ತಿತ್ತು! ನನಗೆ ಮಾತೇ ಹೊರಡಲಿಲ್ಲ.

ಬೋರ್ಡು ಇಳಿಸಿದೆ. ಕರೆಂಟ್ ಕಂಪನಿ ಸೆಸ್ಕ್‌ನಲ್ಲಿ ಅಂಗಡಿ ಮೀಟರನ್ನು ಗೃಹಬಳಕೆಗೆ ಬದಲಿಸಿದೆ. ಮೂರು ತಿಂಗಳ ಬಿಲ್ಲು ಕೂಡಿಟ್ಟೆ. ಅಂಗಡಿ ಇಲ್ಲ ಅಂತ ನಾನು ಹೇಳುವುದಕ್ಕಿಂತ ಬಿಲ್ಲು ಹೇಳಿದರೆ ತೂಕ ಜಾಸ್ತಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ಮಹಡಿವಾರು ನಕ್ಷೆ ಬರೆದೆ. ಮೊದಲ ನಕ್ಷೆಯಲ್ಲಿ ಮೆಟ್ಟಿಲನ್ನು ಎರಡೂ ಮಹಡಿಗೆ ಸೇರಿಸಿ ನಲವತ್ತು ಚದರಡಿ ನಾನೇ ಹೆಚ್ಚು ತೋರಿಸಿದ್ದೆ. ಟೇಪಿನ ಇನ್ನೊಂದು ತುದಿ ಹಿಡಿದ ನನ್ನ ಹೆಂಡತಿ "ರೀ, ಮೆಟ್ಟಿಲಿಗೆ ಎರಡು ಸಲ ಕಂದಾಯಾನಾ?" ಅಂದಾಗಲೇ ಗೊತ್ತಾದದ್ದು. ಫೋನಿನ ಆಪ್‌ನಲ್ಲೂ ಅಳೆದು ನೋಡಿದೆ. ಹಾಲಿಗೇ ಒಂದಡಿ ವ್ಯತ್ಯಾಸ. ಸುಮ್ನೆ ಟೈಂಪಾಸ್.

ಅದೇ ಹುಮ್ಮಸ್ಸಿನಲ್ಲಿ ಅತ್ತೆಯ ಹೆಂಚಿನ ಮನೆಯನ್ನೂ ಅಳೆದೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಕಂದಾಯದಲ್ಲಿ ಕಡಿತ ಸಿಗುತ್ತದಲ್ಲ, ಅಲ್ಲಿ ಕಟ್ಟಿದ ವರ್ಷವನ್ನೇ ತೀರಾ ಈಚಿನದು ಅಂತ ಬರೆದಿದ್ದರು. ಆ ಕೆಲಸ ಇನ್ನೂ ಮುಗಿದಿಲ್ಲ.

ಏಪ್ರಿಲ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ. ಆ ತಿಂಗಳೇ ಕಟ್ಟಿದರೆ ಸಿಗುವ ಶೇಕಡಾ 5 ರಿಯಾಯಿತಿಗೆ ಬಂದವರ ಸಾಲಿನಲ್ಲಿ ನಿಮ್ಮ ನಕ್ಷೆ ಬಿಡಿಸಿ ನೋಡುವವರು ಯಾರು? ನಾನು ನಕ್ಷೆ, ಬಿಲ್ಲು ಎಲ್ಲ ಡಿಸೆಂಬರ್‌ನಲ್ಲಿ ಕೊಟ್ಟೆ. ಜನವರಿ ಕೊನೆಗೆ ಮತ್ತೆ ಬಂದು ನೋಡಿದರು, ಮಾರ್ಚ್‌ಗೆ ತಿದ್ದುಪಡಿ ಆಯಿತು. ಅರ್ಜಿಯ ಮೊದಲ ಸಾಲು ಹೇಗೆ ಬರೆದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಟೇಪು ಕೇಳಿದವರಿಗೂ ಹೇಳಿಲ್ಲ.

ಜೆರಾಕ್ಸ್, ಫೋಟೋ, ಆಟೋ ಸೇರಿ ಎಂಟುನೂರು ಖರ್ಚಾಗಿರಬಹುದು. ದಲ್ಲಾಳಿಯ ಮೂರು ಸಾವಿರ ಬೇರೆ. ನಾಲ್ಕು ವರ್ಷ ಹೆಚ್ಚಿಗೆ ಕಟ್ಟಿದ್ದು ಇಪ್ಪತ್ತು ಸಾವಿರ ದಾಟುತ್ತದೆ, ಅದನ್ನು ಕೇಳಲು ಹೋಗಿಲ್ಲ. ಟೈಲರ್ ಬೋರ್ಡು ಇನ್ನೂ ಅಟ್ಟದ ಮೇಲಿದೆ.