ಲೈನಿನಲ್ಲಿ ದನಿ ಎಲ್ಲಿ ಒಡೆಯುತ್ತಿದೆ? ಟ್ವಿನ್-ಟಿ ಕಟ್ಟಿ ಅಳೆಯಿರಿ

ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ವೇದಿಕೆಯಿಂದ ದೂರದ ಹಾರ್ನ್‌ಗಳಿಗೆ ಲೈನ್ ಎಳೆದಾಗ ದನಿ ಒಡೆದರೆ, ತಪ್ಪು ಮೈಕಿನದಾ, ಟ್ರಾನ್ಸ್‌ಫಾರ್ಮರಿನದಾ, ಆಂಪ್ಲಿಫೈಯರಿನದಾ ಅಂತ ಬರೀ ಕಿವಿಯಿಂದ ಹೇಳುವುದು ಕಷ್ಟ. ಅಳೆದೇ ನೋಡಬೇಕು.

ಲೈನಿನ ಈ ತುದಿಗೆ 1 ಕಿಲೋಹರ್ಟ್ಸ್ ಸೈನ್ ಅಲೆ ಕೊಡಿ, ಮೊಬೈಲಿನ ಟೋನ್ ಆ್ಯಪ್ ಸಾಕು. ಆ ತುದಿಯಲ್ಲಿ ಅದೇ 1 ಕಿಲೋಹರ್ಟ್ಸನ್ನು ತೆಗೆದುಹಾಕಿ. ಉಳಿದದ್ದೆಲ್ಲ ದಾರಿಯಲ್ಲಿ ಸೇರಿದ್ದು.

ತೆಗೆಯುವ ಕೆಲಸ ಟ್ವಿನ್-ಟಿಯದು, ಅಂದರೆ ಒಂದೇ ಫ್ರೀಕ್ವೆನ್ಸಿಯನ್ನು ತಡೆಯುವ ಫಿಲ್ಟರಿನದು. ಟಿ ಆಕಾರದ ಎರಡು ಕವಲುಗಳು ಇನ್‌ಪುಟ್, ಔಟ್‌ಪುಟ್ ನಡುವೆ ಪ್ಯಾರಲಲ್ ಆಗಿರುತ್ತವೆ. ಒಂದು ಟಿಯಲ್ಲಿ ಸಾಲಾಗಿ ಎರಡು ರೆಸಿಸ್ಟರ್, ಪ್ರತಿಯೊಂದೂ 15ಕೆ (ಕಿಲೋಓಮ್) ಜೊತೆ ಸಾಲಾಗಿ 910 ಓಮ್. ನಡುವಿನಿಂದ ಕೆಳಕ್ಕೆ 20 ನ್ಯಾನೊಫ್ಯಾರಡ್, ಅಂದರೆ ಎರಡು 10 ನ್ಯಾನೊಫ್ಯಾರಡ್ ಪ್ಯಾರಲಲ್. ಇನ್ನೊಂದು ಟಿಯಲ್ಲಿ ಸಾಲಾಗಿ ಎರಡು 10 ನ್ಯಾನೊಫ್ಯಾರಡ್, ನಡುವಿನಿಂದ ಕೆಳಕ್ಕೆ 6.8ಕೆ ಜೊತೆ ಸಾಲಾಗಿ 2ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಸೆರಾಮಿಕ್ ಡಿಸ್ಕ್ ಬೇಡವೇ ಬೇಡ, ಅದು ತಾನೇ ದನಿ ಕೆಡಿಸಬಹುದು. ಪಾಲಿಯೆಸ್ಟರ್ ಹಾಕಿ.

ಇಷ್ಟಕ್ಕೇ ನಿಲ್ಲಿಸಿದರೆ 2 ಕಿಲೋಹರ್ಟ್ಸ್ ಕೂಡ ಮೂರನೇ ಒಂದು ಭಾಗಕ್ಕೆ ಇಳಿದುಬಿಡುತ್ತದೆ, ಅಳತೆ ಸುಳ್ಳಾಗುತ್ತದೆ. ಅದಕ್ಕೇ ಟಿಎಲ್072 ಬೇಕು, ಒಂದೇ ಚಿಪ್ಪಿನಲ್ಲಿ ಎರಡು ಆಪ್-ಆಂಪ್ ಇರುವ ಐಸಿ. ಮೊದಲ ಅರ್ಧ ಔಟ್‌ಪುಟ್ ಬಫರ್. ಅದರಿಂದ 1ಕೆ, ಅಲ್ಲಿಂದ ಗ್ರೌಂಡಿಗೆ 9.1ಕೆ, ಈ ಡಿವೈಡರಿನ ನಡುವಿನಿಂದ ಎರಡನೇ ಬಫರ್‌ಗೆ ಹೋಗಿ, ಎರಡೂ ಟಿಗಳ ಕಾಲನ್ನು ಗ್ರೌಂಡಿಗಲ್ಲದೆ ಅದರ ಔಟ್‌ಪುಟ್‌ಗೆ ಜೋಡಿಸಿ. ಆಗ 2 ಕಿಲೋಹರ್ಟ್ಸ್ ಕಳೆದುಕೊಳ್ಳುವುದು ಸುಮಾರು 3% ಮಾತ್ರ. ಸಪ್ಲೈಗೆ ಎರಡು 9 ವೋಲ್ಟ್ ಬ್ಯಾಟರಿ.

ಆ್ಯಪ್‌ನಲ್ಲಿ ಫ್ರೀಕ್ವೆನ್ಸಿ ಸ್ವಲ್ಪ, ಪ್ರಿಸೆಟ್ ಸ್ವಲ್ಪ, ಹೀಗೆ ಸರದಿಯಲ್ಲಿ ತಿರುಗಿಸುತ್ತಾ ಔಟ್‌ಪುಟ್ ಆದಷ್ಟು ಇಳಿಸಿ. ಒಳಗೆ 1 ವೋಲ್ಟ್, ಹೊರಗೆ 10 ಮಿಲಿವೋಲ್ಟ್ ಉಳಿದರೆ 1%. ಅಗ್ಗದ ಮಲ್ಟಿಮೀಟರಿನ ಎಸಿ ರೇಂಜ್ ಹೆಚ್ಚಾಗಿ 400 ಹರ್ಟ್ಸ್‌ವರೆಗೆ ಮಾತ್ರ ಸರಿ, ಹಾಗಾಗಿ ಆಸಿಲೋಸ್ಕೋಪಿನಲ್ಲೇ ನೋಡಿ. ಮೊದಲು ಮೊಬೈಲನ್ನೇ ನೇರವಾಗಿ ಜೋಡಿಸಿ ಅಳೆದುಕೊಳ್ಳಿ, ಇಲ್ಲದಿದ್ದರೆ ಅದರ ತಪ್ಪು ಲೈನಿನ ತಲೆಗೆ ಬರುತ್ತದೆ.

ನನಗೆ ಅಂಕಿಗಿಂತ ಉಳಿದ ಅಲೆಯ ಆಕಾರವೇ ಮುಖ್ಯ. ಇನ್‌ಪುಟ್ ಸೈನನ್ನು ಮೇಲಿನ ಚಾನೆಲ್‌ನಲ್ಲಿಟ್ಟು ಹೋಲಿಸಿ. ಸೈನಿನ ತುದಿಗಳಲ್ಲೇ ಚೂಪು ಮುಳ್ಳು ಎದ್ದರೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತಿದೆ, ಅಂದರೆ ಮಿತಿ ಮೀರಿ ಅಲೆಯ ತುದಿ ಕತ್ತರಿಸುತ್ತಿದೆ. ಸೊನ್ನೆ ದಾಟುವ ಕಡೆ ಎದ್ದರೆ ಕ್ರಾಸ್‌ಓವರ್, ಅಂದರೆ ಅಲೆಯ ಮೇಲರ್ಧ, ಕೆಳಅರ್ಧ ನೋಡಿಕೊಳ್ಳುವ ಟ್ರಾನ್ಸಿಸ್ಟರ್‌ಗಳು ಕೈ ಬದಲಿಸುವಾಗಿನ ತಪ್ಪು. ಆಂಪ್ಲಿಫೈಯರಿನ ಬಯಾಸ್ ನೋಡಿ. ನಿಧಾನದ ದಪ್ಪ ಅಲೆಯಾದರೆ ಅದು 50 ಹರ್ಟ್ಸ್ ಹಮ್. ಟೋನ್ ನಿಲ್ಲಿಸಿದರೂ ಅದು ಉಳಿಯುತ್ತದೆ, ಆಗ ಕೇಬಲ್ ಶೀಲ್ಡ್, ಗ್ರೌಂಡ್ ನೋಡಿ.

100 ವೋಲ್ಟ್ ಸ್ಪೀಕರ್ ಲೈನಿಗೆ ಇದನ್ನು ನೇರ ಜೋಡಿಸಬೇಡಿ. ಆಂಪ್ಲಿಫೈಯರ್ ಆಫ್ ಮಾಡಿ, 100ಕೆ ಮತ್ತು 1ಕೆ ಡಿವೈಡರ್ ಹಾಕಿ, 1ಕೆಯ ಎರಡು ತುದಿಗಳಿಂದ ಸಿಗ್ನಲ್ ತೆಗೆದುಕೊಂಡ ಮೇಲೆಯೇ ಆನ್ ಮಾಡಿ.