ಬಚ್ಚಲ ಟೈಲು ಒಡೆಯುವ ಮೊದಲು ಸೋರಿಕೆಯ ಜಾಗ ಹುಡುಕಿ

ಮಲಗುವ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆ, ಬೆರಳು ತಾಗಿಸಿದರೆ ಬಿಳಿ ಪುಡಿ ಉದುರುತ್ತದೆ. ಗೋಡೆಯ ಆಚೆ ಬದಿ ಬಚ್ಚಲು. ಕೆಲಸದವರು ಬಂದು ಶವರಿನ ಕೆಳಗಿನ ಟೈಲು ಒಡೆದು ನೋಡುತ್ತಾರೆ, ಪೈಪು ಒಣಗಿಯೇ ಇರುತ್ತದೆ. ಮತ್ತೆ ಪಕ್ಕದ ಟೈಲಿಗೆ ಉಳಿ. ಕುಂಬಳೆಯಿಂದ ಮುಳ್ಳೇರಿಯದವರೆಗೆ ನಮ್ಮ ಕಾಸರಗೋಡಿನ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಒಂದು ಸುರುಳಿ ಟೆಫ್ಲಾನ್ ಟೇಪಿನಲ್ಲಿ ಮುಗಿಯಬೇಕಿದ್ದ ಕೆಲಸ ಇಡೀ ಬಚ್ಚಲು ಕಿತ್ತು ಹಾಕುವಲ್ಲಿಗೆ ಮುಟ್ಟುತ್ತದೆ. ಒಂದು ವಾರ ತಾಳ್ಮೆಯಿಂದ ಪರೀಕ್ಷೆ ಮಾಡಿದರೆ ಇದನ್ನು ತಪ್ಪಿಸಬಹುದು. ಒದ್ದೆ ಯಾವ ಹೊತ್ತಿಗೆ ಹೆಚ್ಚುತ್ತದೆ ಎಂಬುದೇ ಮೊದಲ ಸುಳಿವು.

ನಮ್ಮ ಗೋಡೆಯ ಗುಣ ಮೊದಲು ತಿಳಿದಿರಬೇಕು. ಕಾಸರಗೋಡಿನ ಹೆಚ್ಚಿನ ಮನೆಗಳ ಗೋಡೆ ಮುರಕಲ್ಲಿನದು, ಅಂದರೆ ಲ್ಯಾಟರೈಟಿನದು. ಮುರಕಲ್ಲು ಇಟ್ಟಿಗೆಯಂತೆ ಒಂದೇ ಹದದ್ದಲ್ಲ, ಒಳಗೆಲ್ಲ ರಂಧ್ರ, ಕೊಳವೆ. ಮುರಕಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 3620 ಪ್ರಕಾರ ಕಲ್ಲು ಹೀರುವ ನೀರು ಅದರ ತೂಕದ ಶೇ 12 ಮೀರಬಾರದು. ಅಂದರೆ 25 ಕಿಲೋ ತೂಗುವ ಒಳ್ಳೆಯ ಕಲ್ಲು ಕೂಡ 3 ಲೀಟರಿನಷ್ಟು ನೀರು ಹೊಟ್ಟೆಯಲ್ಲಿಟ್ಟುಕೊಳ್ಳಬಲ್ಲದು. ಹಾಗಾಗಿ ನೀರು ಸೋರುವ ಜಾಗ ಒಂದು, ಕಾಣಿಸುವ ಜಾಗ ಇನ್ನೊಂದು. ಸಾರಣೆಯ ಹಿಂದೆ ಇಳಿದು, ಕಲ್ಲಿನ ಸಂದಿನಲ್ಲಿ ಅಡ್ಡ ಹರಿದು, ಎರಡು ಮೂರು ಅಡಿ ದೂರದಲ್ಲಿ ಅದು ಮುಖ ತೋರಿಸುತ್ತದೆ. ಒಂದು ಪರೀಕ್ಷೆ ಮಾಡಿದರೆ ಅದರ ಫಲ ಕಾಣಲು ಒಂದು ದಿನವಾದರೂ ಬೇಕು. ದಿನಕ್ಕೆ ಒಂದೇ ಪರೀಕ್ಷೆ, ಅಷ್ಟು ದಿನ ಆ ಬಚ್ಚಲಲ್ಲಿ ಯಾರೂ ಸ್ನಾನ ಮಾಡುವಂತಿಲ್ಲ.

ಹಳೆಯ ಮನೆಗಳಲ್ಲಿ ಬಚ್ಚಲು ಹಿಂಬದಿಯಲ್ಲಿ, ಬಾವಿಗೆ ಹತ್ತಿರ. ಅಲ್ಲಿನ ನೀರು ಬಾಳೆ, ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಗೋಡೆ ಒದ್ದೆಯಾದರೂ ಅದಕ್ಕೆ ತಾಗಿ ಮಂಚವಾಗಲಿ ಬಟ್ಟೆಯ ಕಪಾಟಾಗಲಿ ಇರುತ್ತಿರಲಿಲ್ಲ. ಈಗ ಬಚ್ಚಲು ಮಲಗುವ ಕೋಣೆಗೇ ಅಂಟಿದೆ, ಕೆಲವರಿಗೆ ಮಾಳಿಗೆಯಲ್ಲೂ ಇದೆ. ಆದ್ದರಿಂದ ಸಣ್ಣ ಸೋರಿಕೆಯನ್ನೂ ಕಡೆಗಣಿಸುವ ಹಾಗಿಲ್ಲ.

ಕೆಲಸ ಶುರುಮಾಡುವ ಮುಂಚೆ ಒಂದು ಎಚ್ಚರಿಕೆ. ಒದ್ದೆ ಗೀಸರಿನ ಸ್ವಿಚ್ಚಿನ ಹತ್ತಿರ ಹಬ್ಬಿದ್ದರೆ, ಅಥವಾ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಕಾರಣವಿಲ್ಲದೆ ಬೀಳುತ್ತಿದ್ದರೆ, ಆ ಕೋಣೆಯ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್ಚು) ಆಫ್ ಮಾಡಿ ಮೊದಲು ವಯರಿಂಗಿನವರನ್ನು ಕರೆಯಿರಿ. ಉಳಿದದ್ದೆಲ್ಲ ಆಮೇಲೆ.

ಮಳೆಯ ನೀರೇ ಇರಬಹುದು

ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಚ್ಚಲಿನ ಹೊರಗೋಡೆ ಪಡುವಣಕ್ಕೋ ತೆಂಕಣಕ್ಕೋ ಮುಖ ಮಾಡಿದ್ದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆ ನೇರ ಅದಕ್ಕೇ ಬಡಿಯುತ್ತದೆ. ಆಗ ಕಂಡ ಒದ್ದೆಗೆ ಶವರನ್ನು ದೂರಬೇಡಿ. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೂ ಗೋಡೆ ಒಣಗದಿದ್ದರೆ ಮನೆಯೊಳಗಿನ ನೀರೇ ಕಾರಣ. ಮಳೆಗಾಲ ಮುಗಿಯುವ ತನಕ ಕಾಯಲಾಗದವರು ಹೊರಗೋಡೆಗೆ ಟಾರ್ಪಾಲು ಇಳಿಬಿಟ್ಟು ನಾಲ್ಕು ದಿನ ಗಮನಿಸಬಹುದು.

ಟ್ಯಾಂಕಿನ ಪರೀಕ್ಷೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯ ಎಲ್ಲ ನಲ್ಲಿ ಮುಚ್ಚಿ. ಫ್ಲಶ್ ಟ್ಯಾಂಕಿನ ಆಂಗಲ್ ವಾಲ್ವನ್ನೂ ಮುಚ್ಚಲೇಬೇಕು, ಇಲ್ಲವಾದರೆ ಅಲ್ಲಿ ಸೋರುವ ನೀರನ್ನೇ ಗೋಡೆಯದೆಂದು ತಿಳಿಯುತ್ತೇವೆ. ಪಂಪು ಹಾಕಬೇಡಿ. ಮೇಲಿನ ಟ್ಯಾಂಕಿಗೆ ಒಂದು ಕೋಲು ಇಳಿಸಿ ನೀರಿನ ಮಟ್ಟ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೆ ನೋಡಿ. ಟ್ಯಾಂಕಿನ ಅಡ್ಡಳತೆ 110 ಸೆಂ.ಮೀ. ಇದ್ದರೆ ಮಟ್ಟ ಒಂದು ಸೆಂಟಿಮೀಟರ್ ಇಳಿಯಿತೆಂದರೆ ಹೆಚ್ಚುಕಡಿಮೆ ಒಂಬತ್ತೂವರೆ ಲೀಟರ್ ಹೋಯಿತೆಂದು ಅರ್ಥ.

ಮಟ್ಟ ಇಳಿದಿದ್ದರೆ ಸದಾ ಒತ್ತಡದಲ್ಲಿರುವ ಪೈಪೇ ಎಲ್ಲೋ ಸೋರುತ್ತಿದೆ. ಮರುದಿನ ರಾತ್ರಿ ಗೀಸರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ ಇದೇ ಪರೀಕ್ಷೆ ಮಾಡಿ. ಗೀಸರಿನ ಸ್ವಿಚ್ಚು ಆಫ್ ಇರಲಿ. ಈ ಸಲ ಮಟ್ಟ ಇಳಿಯದಿದ್ದರೆ ತಪ್ಪು ಬಿಸಿನೀರಿನ ಲೈನಿನದು. ಇಳಿದರೆ ತಣ್ಣೀರಿನದು. ಅರ್ಧದಷ್ಟು ಗೋಡೆ ಇಲ್ಲಿಗೇ ಉಳಿಯಿತು.

ಮಟ್ಟ ಇಳಿಯದಿದ್ದರೂ ಪೂರ್ತಿ ನಿಶ್ಚಿಂತೆ ಬೇಡ. ಟ್ಯಾಂಕು ಹತ್ತು ಮೀಟರ್ ಎತ್ತರದಲ್ಲಿದ್ದರೆ ಮಾತ್ರ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಬರುತ್ತದೆ. ಒಂದೇ ಅಂತಸ್ತಿನ ಮನೆಯಲ್ಲಿ ಅದರ ಕಾಲು ಭಾಗವೋ ಮೂರನೇ ಒಂದೋ ಸಿಕ್ಕೀತು. ಕೂದಲೆಳೆಯ ಬಿರುಕು ಅಷ್ಟಕ್ಕೆ ಬಾಯಿ ಬಿಡದೆ ಇರಬಹುದು. ಸಂಶಯ ಉಳಿದರೆ ಕೈಪಂಪು, ಗೇಜು ಇರುವ ಪ್ಲಂಬರನ್ನು ಕರೆದು ಲೈನಿನ ಬಾಯಿಗಳನ್ನು ಮುಚ್ಚಿಸಿ ಒತ್ತಡದ ಪರೀಕ್ಷೆ ಮಾಡಿಸಿ. ಗೇಜಿನ ಮುಳ್ಳು ಒಂದು ಗಂಟೆ ಅಲ್ಲಾಡದೆ ನಿಂತರೆ ಲೈನು ಗಟ್ಟಿ.

ಮಿಕ್ಸರಿನಿಂದ ಶವರಿನ ತನಕದ ತುಂಡು

ಎಲ್ಲರೂ ಮರೆಯುವುದು ಇದನ್ನೇ. ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯಾದ ಮಿಕ್ಸರಿನಿಂದ ಮೇಲೆ ಶವರಿಗೆ ಹೋಗುವ ಪೈಪಿನಲ್ಲಿ ನೀರು ತುಂಬುವುದು ಶವರು ತಿರುಗಿಸಿದಾಗ ಮಾತ್ರ. ಆದ್ದರಿಂದ ಟ್ಯಾಂಕಿನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಬೆಳಗಿನ ಸ್ನಾನವಾದ ಮೇಲೆ ಒದ್ದೆ ಹೆಚ್ಚಿ, ನೆಂಟರ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದಾಗ ಕಡಿಮೆಯಾಗಿದ್ದರೆ ಮೊದಲು ಇಲ್ಲೇ ನೋಡಿ.

ಶವರಿನ ತಲೆ ಬಿಚ್ಚಿ, ತೋಳಿನ ತುದಿಗೆ ಅರ್ಧ ಇಂಚಿನ ಎಂಡ್ ಕ್ಯಾಪ್ ಹಾಕಿ. ತೋಳಿನ ಬುಡದಲ್ಲಿ ಗೋಡೆಗೆ ಒತ್ತಿಕೊಂಡಿರುವ ಸ್ಟೀಲಿನ ಬಳೆಯನ್ನು ಮುಂದಕ್ಕೆ ಎಳೆಯಿರಿ. ಅದರ ಹಿಂದಿನ ತೂತಿಗೆ ಟಿಶ್ಯೂ ಕಾಗದ ತುರುಕಿ, ತಣ್ಣೀರಿನ ಕಡೆಯಿಂದ ಶವರು ತೆರೆದು ಒಂದು ಗಂಟೆ ಬಿಡಿ. ಟೈಲಿನ ಮೇಲೆ ಒಂದು ಹನಿಯೂ ಬೀಳದೆ ಪೈಪಿನ ಪರೀಕ್ಷೆ ಆಯಿತು. ಕಾಗದ ಒದ್ದೆಯಾದರೆ ತೋಳಿನ ಮರೆಯೇ, ಅಂದರೆ ತಿರುಗಿಸಿ ಕೂರಿಸುವ ತಿರುಪೇ ಅಪರಾಧಿ. ಕಾಗದ ಒಣಗಿದ್ದೂ ಮರುದಿನ ಗೋಡೆಯ ಒದ್ದೆ ಹೆಚ್ಚಿದ್ದರೆ ನಡುವಿನ ಪೈಪಿನಲ್ಲೋ ಮಿಕ್ಸರಿನ ಬೆಂಡಿನಲ್ಲೋ ಬಿರುಕಿದೆ.

ನೆಲ, ಟ್ರ್ಯಾಪು, ಟೈಲಿನ ಸಂದು

ಪೈಪು ಸರಿಯಿದ್ದರೆ ಉಳಿದದ್ದು ಬಳಸಿದ ನೀರು. ಮೊದಲ ದಿನ ಒಂದು ಹೋಸ್ ಪೈಪನ್ನು ನೆಲದ ನೀರು ಹೊರಹೋಗುವ ಟ್ರ್ಯಾಪಿನ ಬಾಯೊಳಗೆ ಇಳಿಸಿ, ನೆಲ ಒದ್ದೆಯಾಗದಂತೆ ನಾಲ್ಕೈದು ಬಕೆಟ್ ನೀರು ಬಿಡಿ. ಒದ್ದೆ ಹೆಚ್ಚಿದರೆ ಹೊರಹೋಗುವ ಪೈಪಿನ ದೋಷ. ಏನೂ ಆಗದಿದ್ದರೆ ಮಾರನೆಯ ದಿನ ಟ್ರ್ಯಾಪಿಗೆ ಬಟ್ಟೆ ಸುತ್ತಿದ ಬಿರಡೆ ಹಾಕಿ ನೆಲದಲ್ಲಿ ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಹೊಸ್ತಿಲು ದಾಟದಂತೆ ನೋಡಿಕೊಂಡು 24 ಗಂಟೆ ಬಿಡಿ. ಮಾಳಿಗೆಯ ಬಚ್ಚಲಾದರೆ ನೀರಿಗೆ ಅಡುಗೆಗೆ ಬಳಸುವ ಬಣ್ಣ ಬೆರೆಸಿ. ಕೆಳಗಿನ ಕೋಣೆಯ ಚಾವಣಿಯಲ್ಲಿ ಆ ಬಣ್ಣ ಕಂಡರೆ ವಾದಕ್ಕೆ ಜಾಗವೇ ಇಲ್ಲ. ಕೊನೆಗೆ ಗೋಡೆ. ಮಗ್ಗಿನಿಂದ ಮೊದಲು ಕೆಳಗಿನ ಸಾಲಿನ ಟೈಲಿಗೆ, ಮರುದಿನ ಅದರ ಮೇಲಿನ ಸಾಲಿಗೆ ನೀರು ಹಾಕಿ. ಮೇಲಿನಿಂದ ಶುರುಮಾಡಿದರೆ ನೀರು ಕೆಳಗಿಳಿದು ಎಲ್ಲ ಸಂದನ್ನೂ ಒಟ್ಟಿಗೆ ತೋಯಿಸುತ್ತದೆ, ಏನೂ ತಿಳಿಯುವುದಿಲ್ಲ.

ದುರಸ್ತಿ

ಮರೆಯ ಸೋರಿಕೆ ಎಲ್ಲಕ್ಕಿಂತ ಸುಲಭ. ತೋಳು ಬಿಚ್ಚಿ ಹಳೆಯ ಟೇಪು ಪೂರ್ತಿ ತೆಗೆದು, ತಿರುಗಿಸಿ ಬಿಗಿಮಾಡುವ ದಿಕ್ಕಿನಲ್ಲೇ ಹತ್ತು ಹನ್ನೆರಡು ಸುತ್ತು ಹೊಸ ಟೇಪು ಸುತ್ತಿ. ಹಿಂದೆ ಪ್ಲಾಸ್ಟಿಕ್ ಮರೆಯ ಎಲ್ಬೋ (ಪೈಪು ತಿರುಗುವ ತುಂಡು) ಇದ್ದರೆ ಅತಿಯಾಗಿ ಬಿಗಿಯಬೇಡಿ, ಸೀಳುತ್ತದೆ. ಬದಲಾಯಿಸುವಾಗ ಹಿತ್ತಾಳೆಯ ಮರೆ ಇರುವುದನ್ನೇ ಕೇಳಿ ತನ್ನಿ. ಬಳೆಯ ಸುತ್ತ ಸಿಲಿಕಾನ್ ಹಚ್ಚುವಾಗ ಕೆಳಗೆ ಚೂರು ಜಾಗ ಬಿಡಿ. ಮುಂದೆ ಸೋರಿದರೆ ನೀರು ಗೋಡೆಯೊಳಗೆ ಇಳಿಯದೆ ಅಲ್ಲಿಂದ ಹೊರಗೆ ಕಾಣುತ್ತದೆ.

ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಾದರೆ ತೇಪೆ ಹಾಕಿ ಪ್ರಯೋಜನವಿಲ್ಲ. ಮುರಕಲ್ಲಿನ ನೆಲದ ಬಾವಿ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಅದು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ, ಇಂದು ಒಂದು ಕಡೆ ಮುಚ್ಚಿದರೆ ಬರುವ ವರ್ಷ ಇನ್ನೊಂದು ಕಡೆ ತೂತು. ಇಡೀ ಲೈನು ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ಕಾದ ಸಿಪಿವಿಸಿಗೆ ಬದಲಾಗಲಿ. ಸಿಪಿವಿಸಿಯೇ ಒಡೆದಿದ್ದರೆ ಆ ತುಂಡು ಕತ್ತರಿಸಿ ಕಪ್ಲರ್ (ಎರಡು ತುದಿ ಜೋಡಿಸುವ ತುಂಡು) ಹಾಕಬಹುದು. ತುದಿ ಪೂರ್ತಿ ಒಣಗಿರಬೇಕು. ಸಾಲ್ವೆಂಟ್ ಅಂಟು ಹಚ್ಚಿ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ದಿನ ನೀರು ಬಿಡದಿರುವುದು ಕ್ಷೇಮ. ಕೊರೆದ ಜಾಡಿನಲ್ಲಿ ಮುರಕಲ್ಲಿನ ಮೊನೆ ಪೈಪಿಗೆ ತಾಗದಂತೆ ತಟ್ಟಿ ಸಮ ಮಾಡಿಸಿ.

ಟೈಲಿನ ಸಂದಿನ ಹಳೆಯ ಗ್ರೌಟು ಕೆರೆದು, ಒಣಗಿಸಿ, ಎಪಾಕ್ಸಿ ಗ್ರೌಟು ತುಂಬಿ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಮಾತ್ರ ಸಿಲಿಕಾನೇ ಬೇಕು, ಅಲ್ಲಿ ಗಟ್ಟಿ ಗ್ರೌಟು ಬಿರಿಯುತ್ತದೆ. ಆದರೆ ನೆಲದಲ್ಲಿ ನಿಲ್ಲಿಸಿದ ನೀರು ಕೆಳಗಿಳಿದಿದ್ದರೆ ಟೈಲಿನ ಅಡಿಯ ವಾಟರ್‌ಪ್ರೂಫಿಂಗೇ ಸತ್ತಿದೆ ಎಂದು ಅರ್ಥ. ಮೇಲಿನಿಂದ ಬಳಿಯುವ ಯಾವ ದ್ರಾವಣವೂ ಅದಕ್ಕೆ ಬಹುಕಾಲದ ಪರಿಹಾರವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ರ್ಯಾಪಿನ ಸುತ್ತಲಿನ ಟೈಲು ತೆಗೆಸಿ, ಅದರ ಕತ್ತಿನ ಸುತ್ತ ಕುಗ್ಗದ ಗ್ರೌಟು ತುಂಬಿಸಿ, ಕೋಟಿಂಗು ಟ್ರ್ಯಾಪಿನ ಅಂಚಿನ ಮೇಲೂ ಹತ್ತುವಂತೆ ಬಳಿಸಿ. ಹೊಸ ಟೈಲು ಹಾಕುವ ಮೊದಲು ಮತ್ತೊಮ್ಮೆ ನೀರು ನಿಲ್ಲಿಸಿ ನೋಡಲೇಬೇಕು. ಕೂಲಿಯವರು ಅವಸರ ಮಾಡಿದರೂ ಒಪ್ಪಬೇಡಿ.

ಗೋಡೆ ತೆರೆದಿರುವಾಗಲೇ ಪೈಪಿನ ಪಕ್ಕ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಿ. ಆಚೆ ಬದಿಯ ಕೋಣೆಗೆ ಕೂಡಲೇ ಪುಟ್ಟಿ ಬಳಿಯಬೇಡಿ. ಉಬ್ಬಿದ ಬಣ್ಣ ಕೆರೆದು, ಬಿಳಿ ಉಪ್ಪನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಕಿಟಕಿ ತೆರೆದಿಡಿ. ಮುರಕಲ್ಲು ಕುಡಿದ ನೀರು ಆರಲು ವಾರಗಳೇ ಬೇಕು, ಮಳೆಗಾಲವಾದರೆ ಇನ್ನೂ ಹೆಚ್ಚು. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ. ಒಂದು ಹಗಲು ಒಂದು ರಾತ್ರಿ ಕಳೆದ ಮೇಲೂ ಒಳಗೆ ಬೆವರು ಕಾಣದಿದ್ದರೆ ಬಣ್ಣದವರನ್ನು ಕರೆಯಬಹುದು.